ಅಂಗಿಗೆ ಹಚ್ಚಿದ ನಸುಗುನ್ನಿ

ಬಾಲ್ಟಿಮೋರಿನ ಹೊರವಲಯದ ಆ ಪುಟ್ಟ ಕಂಪನಿಯವರು ಮಾಡುತ್ತಿದ್ದುದು ಕಂಪ್ಯೂಟರಿನಲ್ಲಿ ಆಡುವ ಯುದ್ಧದಾಟ. ಗೆದ್ದ ಊರಿನ ಜನ ತಕ್ಷಣ ತಲೆಬಾಗಬಾರದು ಎಂಬ ನಿಯಮವನ್ನು ಅದಕ್ಕೆ ತಂದವನು ಗ್ಲೆನ್ ಪ್ರುಸಾಕ್. ಪಟ್ಟಣ ಕೈಗೆ ಬಂದರೂ ಕೆಲವು ಸರದಿಗಳವರೆಗೆ ಅಲ್ಲಿಂದ ತೆರಿಗೆಯಿಲ್ಲ, ಸೈನಿಕರಿಲ್ಲ. ನಿಯಮವೇನೋ ಸರಿಯಿತ್ತು, ಆದರೆ ಅದರಲ್ಲಿ ಜೀವವಿರಲಿಲ್ಲ. ಪರದೆಯ ಮೇಲೆ ಪ್ರತಿರೋಧದ ಗುರುತಾಗಿ ಒಂದು ಕೆಂಪು ಮುಷ್ಟಿ, ಪಕ್ಕದಲ್ಲಿ ಉಳಿದ ಸರದಿಗಳ ಅಂಕಿ.

ಅವನ ಪೇಚಾಟ ಕಂಡು, ಆಟದ ಚಿತ್ರ ಬರೆಯುವ ಮಾರಿಟೆಸ್ ದುಮ್ಲಾವೊ ಊಟದ ಹೊತ್ತಿನಲ್ಲಿ ತನ್ನ ‘ಲೋಲಾ’, ಅಂದರೆ ಅಜ್ಜಿಯ ಕಥೆ ಹೇಳಿದಳು. ಫಿಲಿಪೀನ್ಸಿನ ಇಲೊಯಿಲೊ ಜಪಾನೀಯರ ವಶದಲ್ಲಿದ್ದಾಗ ಅಜ್ಜಿ ಸೈನಿಕರ ಬಟ್ಟೆ ಒಗೆಯುತ್ತಿದ್ದಳು. ಒಮ್ಮೆ ಅವರ ಅಂಗಿಗಳಿಗೆಲ್ಲ ನಸುಗುನ್ನಿ ಕಾಯಿಯ ಸುಂಕು ಉಜ್ಜಿಬಿಟ್ಟಳು. ದಂಡಿಗೆ ದಂಡೇ ಮೈ ಪರಚಿಕೊಂಡು ಕುಣಿಯಿತು. ಊರು ಬಾಯಿಗೆ ಸೆರಗಿಟ್ಟು ನಕ್ಕಿತು. ಮಾರನೆಯ ದಿನ ಅವಳ ತಮ್ಮನನ್ನು ಎಳೆದೊಯ್ದರು. ಅವನು ಮರಳಲಿಲ್ಲ.

"ಲೋಲಾ ಸಾಯೋಕೆ ಮುಂಚೆ ನಂಗೊಬ್ಬಳಿಗೇ ಹೇಳಿದ್ದು. ನಮ್ಮಮ್ಮಂಗೂ ಗೊತ್ತಿಲ್ಲ," ಎಂದಳು ಮಾರಿಟೆಸ್. "ಆಟಕ್ಕಲ್ಲಪ್ಪ, ಮನಸ್ಸಿಗೆ ಬಂತು, ಹೇಳ್ದೆ."

ಗ್ಲೆನ್ ತಲೆಯಾಡಿಸಿದ್ದ.

ಮುಂದಿನ ವಾರ ಮುಖ್ಯಸ್ಥೆ ರೋಂಡಾ ಎಲ್ಲರೆದುರು ಆಟ ಆಡಿ ನೋಡಿದಳು. ಅವಳು ಹಿಡಿದ ಪಟ್ಟಣದಲ್ಲಿ ಅಕ್ಷರಗಳು ಮೂಡಿದವು: ಬಟ್ಟೆ ಒಗೆಯುವವಳು ಸೈನಿಕರ ಅಂಗಿಗೆ ನಸುಗುನ್ನಿ ಹಚ್ಚಿದ್ದಾಳೆ. ಅವಳ ತಮ್ಮನನ್ನು ಕೊಂದರೆ ಪ್ರತಿರೋಧ ಅಡಗುತ್ತದೆ.

"ಸಾಯ್ಲಿ ಆ ತಮ್ಮ!" ಎಂದು ರೋಂಡಾ ಗುಂಡಿ ಒತ್ತಿದಳು. ಕೋಣೆ ತುಂಬ ನಗು, ಚಪ್ಪಾಳೆ. "ಭಲೇ ಗ್ಲೆನ್! ಎಲ್ಲಿಂದ ಹೊಳೀತೋ ಇದು?"

ಮಾರಿಟೆಸ್ ಮೂರು ಕುರ್ಚಿಯಾಚೆ ಕೂತಿದ್ದಳು. ನಿಜ ಹೇಳಲು ಅದೊಂದೇ ಗಳಿಗೆಯಿತ್ತು.

"ಸುಮ್ನೆ... ಹೊಳೀತು," ಎಂದ ಗ್ಲೆನ್. ಹೇಳುವಾಗ ತನ್ನ ಮುಖ ಅರಳಿದ್ದು ಅವನಿಗೇ ಗೊತ್ತಾಯಿತು. ನಾಚಿಕೆ ಬಂದದ್ದು ಆಮೇಲೆ, ಮಾರಿಟೆಸ್ ಎದ್ದು ಹೊರಗೆ ಹೋದಾಗ.

ಹಿಂದೆಯೇ ಹೋಗಿ ಕಾರು ನಿಲ್ಲಿಸುವಲ್ಲಿ ಅವಳನ್ನು ತಡೆದ. "ನಿನ್ನ ಹೆಸರು ಬರಬಾರ್ದು ಅಂತ..."

"ಸುಳ್ಳು ಬೇಡ ಕಣೋ. ರೋಂಡಾ ಹೊಗಳಿದಾಗ ನಿನ್ನ ಮುಖ ನೋಡ್ದೆ."

"ತೆಗೆದುಹಾಕ್ತೀನಿ."

"ತೆಗಿ. ಅವನನ್ನ ಕೊಂದಾಗ ಚಪ್ಪಾಳೆ ತಟ್ಟಿದ್ರಲ್ಲ, ಅದನ್ನ ನನ್ನ ಕಿವಿಯಿಂದ ಹೇಗೆ ತೆಗೀತೀಯ?"

ಮರುದಿನ ಸಭೆಯಲ್ಲಿ ಗ್ಲೆನ್ ಎದ್ದು ನಿಂತ. "ಆ ಬಟ್ಟೆ ಒಗೆಯೋಳ ಕಥೆ ನಂದಲ್ಲ. ನಂಬಿ ಹೇಳಿದೋರ ಮನೇದು. ನಾನು ಕದ್ದೆ. ರಾತ್ರಿನೇ ಅಳಿಸಿಹಾಕಿದೀನಿ."

"ಅಯ್ಯೋ, ಆಟದಲ್ಲಿ ಚೆನ್ನಾಗಿದ್ದಿದ್ದೇ ಅದು!" ರೋಂಡಾ ಸಿಡಿದಳು. "ಯಾರದ್ದು ಹೇಳು, ಕೇಳಿ ಒಪ್ಪಿಸೋಣ."

"ಹೇಳಲ್ಲ. ಕೇಳೋದೂ ಬೇಡ."

ಮಾರಿಟೆಸ್ ತಲೆ ಎತ್ತಲಿಲ್ಲ. ಆ ಭಾಗದ ಕೆಲಸ ಅವನ ಕೈತಪ್ಪಿ ಬೇರೊಬ್ಬನಿಗೆ ಹೋಯಿತು; ಆಟ ಬರೀ ಮುಷ್ಟಿ, ಅಂಕಿಗಳೊಂದಿಗೇ ಮಾರುಕಟ್ಟೆಗೆ ಬಂತು.

ಮಾರಿಟೆಸ್ ಅವನೊಡನೆ ಮಾತು ಬಿಡಲಿಲ್ಲ. ಎದುರಾದರೆ ನಮಸ್ಕಾರ, ಕೆಲಸವಿದ್ದರೆ ಎರಡು ಮಾತು. ಊಟಕ್ಕೆ ಮಾತ್ರ ಅವಳು ಅವನ ಜೊತೆ ಕೂರುವುದು ಬಿಟ್ಟು ಕಿಟಕಿ ಪಕ್ಕದ ಮೇಜಿಗೆ ಹೋಗತೊಡಗಿದಳು. ಅಲ್ಲಿ ಅವಳ ಎದುರಿನ ಕುರ್ಚಿ ಎಷ್ಟೋ ಸಲ ಖಾಲಿಯೇ ಇರುತ್ತಿತ್ತು. ಹೋಗಿ ಕೂರಲು ಗ್ಲೆನ್‌ಗೆ ಮುಖವಿರಲಿಲ್ಲ.