ಮರಿಗೂಡಿನ ಮೋಟಾರು

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಗಾಡಿ ನೋಡಿ ನಗುವವರಿಗೆ ನನ್ನ ಅಡ್ಡಿ ಇಲ್ಲ, ಆದರೆ ನಾಲ್ಕು ಮಾರು ದೂರ ನಿಂತು ನಗಬೇಕು. ನನ್ನ ಕೈಯಲ್ಲಿ ಸಾಮಾನ್ಯವಾಗಿ ಪಾನಾ, ಅಂದರೆ ಸ್ಪ್ಯಾನರ್, ಇರುತ್ತದೆ, ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ.

ನಾನು ಕೃಷ್ಣಾತ. ಇಚಲಕರಂಜಿಯ ಶಹಾಪುರದಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್. ಪವರ್‌ಲೂಮ್ ಶೆಡ್ಡಿನ ಬಾಗಿಲಲ್ಲಿ ನಿಂತು, ಸದ್ದು ಕೇಳಿಯೇ ಯಾವ ಸಾಲಿನ ಯಾವ ಮಗ್ಗ ಕುಂಟುತ್ತಿದೆ ಎಂದು ಹೇಳಬಲ್ಲೆ. ಇದನ್ನು ಜಂಬ ಎನ್ನುವವರು ಎನ್ನಲಿ. ಇರುವ ಜಂಬವನ್ನು ಮುಚ್ಚಿಟ್ಟುಕೊಳ್ಳುವ ಚಾಳಿ ನಮ್ಮ ಮನೆತನದಲ್ಲಿಲ್ಲ. ಮಗಳು ಪೂನಮ ಐಟಿಐ ಮುಗಿಸಿ ನನ್ನ ಅಂಗಡಿಯ ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ ಹಾಕಿದ್ದಾಳೆ. ಅವಳು ಬೆಸೆದದ್ದು ಬಿಡುವುದಿಲ್ಲ. ಬಾಯಿ ಮಾತ್ರ ನನ್ನದೇ, ಅದೂ ಬಿಡುವುದಿಲ್ಲ.

ನಮ್ಮದು ಮೂಲತಃ ಕುರಿ ಕಾಯುವವರ ಮನೆ. ಅಪ್ಪ ಮಗ್ಗದ ಕೆಲಸ ಹುಡುಕಿಕೊಂಡು ಇಚಲಕರಂಜಿಗೆ ಬಂದ. ಅವನ ತಂಗಿ ಪಾರುಬಾಯಿ, ಅಂದರೆ ನನ್ನ ಸೋದರತ್ತೆ, ಗಡಹಿಂಗ್ಲಜದ ಆಚೆಯ ಹಳ್ಳಿಯಲ್ಲಿ ಕುರಿ ಸಾಕಿಕೊಂಡೇ ಉಳಿದಳು. ಅವಳ ಕುರಿದೊಡ್ಡಿಯ ಮೂಲೆಯಲ್ಲಿ ಒಂದು ಹಳೆಯ ಕಾರಿನ ಮೈ ಬಿದ್ದಿತ್ತು. ಬರೀ ಮೈ. ಎಂಜಿನ್ ಇಲ್ಲ, ಗಾಲಿ ಇಲ್ಲ, ಗಾಜಿಲ್ಲ, ಯಾವ ಕಂಪನಿಯದೆಂದು ಹೇಳುವ ಗುರುತೂ ಇಲ್ಲ. ಕುರಿಗಳು ಮೇಯಲು ಹೋದಾಗ ಎಳೆ ಮರಿಗಳನ್ನು ಅತ್ತೆ ಅದರೊಳಗೆ ಕೂಡಿ ಹಾಕುತ್ತಿದ್ದಳು; ಅವಳ ಬಾಯಲ್ಲಿ ಅದು ಮರಿಗೂಡು. ಸಂಜೆ ಅದರ ಬಾಗಿಲನ್ನು ಅಂಗೈಯಿಂದ ದಬದಬ ಬಡಿದರೆ ಸಾಕು, ತಾಯಿ ಕುರಿಗಳು ಎಲ್ಲಿದ್ದರೂ ಹಾಲೂಡಿಸಲು ಓಡಿ ಬರುತ್ತಿದ್ದವು.

ಆ ಮೈಯನ್ನು ತಂದವನು ಅತ್ತೆಯ ಗಂಡ ಸಂಭಾಜಿ ಮಾಮಾ. ಮುರಗೂಡದ ಕಡೆಯ ಒಂದು ದೊಡ್ಡ ವಾಡೆಯ ಹಿತ್ತಲಲ್ಲಿ ಕೊಳೆಯುತ್ತಿದ್ದುದನ್ನು ಎರಡು ಟಗರು ಕೊಟ್ಟು ಕೊಂಡು, ಎತ್ತು ಹೂಡಿ ಎಳೆಸಿಕೊಂಡು ಬಂದಿದ್ದನಂತೆ. ಬಂದವನೇ ಊರ ಚಾವಡಿಯಲ್ಲಿ ನಿಂತು, ಇದನ್ನು ನಡೆಸಿಯೇ ನಡೆಸುತ್ತೇನೆ, ದೀಪಾವಳಿ ಪಾಡ್ಯದ ದಿನ ಪಾರೂನನ್ನು ಇದರಲ್ಲಿ ಕೂಡಿಸಿ ಕುರಿಗಳ ಸುತ್ತ ಮೆರೆಸುತ್ತೇನೆ ಎಂದು ಸಾರಿಬಿಟ್ಟ. ಪಾಪ, ಮನಸ್ಸಿತ್ತು, ಎಂಜಿನ್ ಇರಲಿಲ್ಲ. ಮಾಮಾ ತೀರಿಕೊಂಡ. ಊರವರು ಮಾತ್ರ ಅದನ್ನು ಸಂಭಾಜಿಯ ವಿಮಾನ ಎಂದು ಕರೆಯುವುದನ್ನು ಬಿಡಲಿಲ್ಲ. ಮದುವೆಯಿರಲಿ ದಿನಕರ್ಮವಿರಲಿ, ಅತ್ತೆಯ ಮುಖ ಕಂಡರೆ ಯಾರಾದರೊಬ್ಬರು ವಿಮಾನದ ಕ್ಷೇಮಸಮಾಚಾರ ಕೇಳಿಯೇ ಕೇಳುವರು. ಅವಳು ನಗುತ್ತಿದ್ದಳು. ಆ ನಗು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಪಾಡ್ಯದ ದಿನ ಅವರ ಮನೆತನದಲ್ಲಿ ಒಂದು ಪದ್ಧತಿಯಿದೆ. ಆ ವರ್ಷದ ಮರಿಗಳು ದೊಡ್ಡಿಯಿಂದ ಮೊದಲ ಸಲ ಹೊರಬೀಳುವುದು ಅವತ್ತು. ಮನೆಯ ಹಿರಿಯರು ಅವುಗಳ ಮುಂದೆ ನಡೆಯಬೇಕು, ಆದರೆ ಅವುಗಳ ಕಡೆಗೇ ಮುಖ ಮಾಡಿ. ದೊಡ್ಡಿಯ ಬಾಯಿಂದ ಹೊಲದ ಬದುವಿನ ಬೀರದೇವರ ಕಲ್ಲಿನವರೆಗೂ ಹಿಂದಕ್ಕೇ ಹೆಜ್ಜೆ ಹಾಕಬೇಕು. ಮರಿಗೆ ಬೆನ್ನು ತೋರಿಸಿದರೆ ಅದು ಕೈತಪ್ಪಿ ಹೋಗುತ್ತದೆ ಎಂದು ಅವರ ನಂಬಿಕೆ. ಮಾಮಾನ ನಂತರ ಅತ್ತೆಯೇ ನಡೆಯುತ್ತಿದ್ದಳು. ಒಂದು ವರ್ಷ ಮೊಣಕಾಲು ಸಹಕರಿಸದೆ ಅರ್ಧಕ್ಕೇ ಕುಸಿದಳು. ಉಳಿದ ದಾರಿಯನ್ನು ಅವಳ ಮೈದುನನ ಮಗ ಬಾಪೂಸಾಹೇಬ ನಡೆದ. ವಿಮಾನದ ಸುದ್ದಿ ಕೇಳುವವರಲ್ಲಿ ಅವನೇ ಮುಂದಾಳು.

ಅದರ ಮುಂದಿನ ಬೇಸಿಗೆಯಲ್ಲಿ ಅತ್ತೆಯನ್ನು ನೋಡಲು ಹೋದಾಗ ಪೂನಮ ಆ ಮೈಯ ಸುತ್ತ ಒಂದು ಸುತ್ತು ಬಂದು, ಫೋನು ತೆಗೆದು ನನ್ನ ಮೂಗಿಗೆ ಹಿಡಿದಳು.

"ಅಪ್ಪಾ, ಇದ ನೋಡ. ಹಾಟ್ ರಾಡ್ ಅಂತಾರ. ಹಳೇ ಮೈ, ಹೊಸಾ ಜೀವ. ಬಾನೆಟ್ ಇರಂಗಿಲ್ಲ, ಎಂಜಿನ್ ಎಲ್ಲಾರಿಗೂ ಕಾಣಬೇಕು. ಹಿಂದ ದಪ್ಪ ಟಾಯರ್, ಮೈ ನೆಲಕ್ಕ ತಾಗೂ ಹಂಗ. ಇದನ್ನ ನಾವು ಮಾಡೂಣು."

"ಮರಿ ಎಲ್ಲಿ ಇಡಬೇಕವಾ? ನಿನ್ನ ಫೋನಿನ್ಯಾಗ?" ಎಂದೆ. ಆದರೆ ನನ್ನ ಕೈ ಆಗಲೇ ಅದರ ಮುಂಭಾಗದ ತಗಡನ್ನು ಸವರುತ್ತಿತ್ತು. ಈಗಿನ ಕಾರುಗಳ ತಗಡು ಹಪ್ಪಳ. ಇದು ರೊಟ್ಟಿ ಸುಡುವ ಹಂಚು.

ಅತ್ತೆ ಎದ್ದು ಒಳಗಿದ್ದ ಮರಿಗಳನ್ನು ಒಂದೊಂದಾಗಿ ಎತ್ತಿ ಹೊರಗಿಟ್ಟಳು.

"ಒಯ್ಯಿ ಕೃಷ್ಣಾ. ಆದ್ರ ಈ ಪಾಡ್ಯಾಕ್ಕ ನಡೀಬೇಕ ನೋಡ. ನಿನ್ನ ಮಾಮಾ ಹೇಳಿದ ಮಾತ ಐತಿ, ಅದು ಖರೇ ಆಗಬೇಕು. ಆಗಲಿಲ್ಲಂದ್ರ ಹೊಳ್ಳಿ ತಂದ ಇಲ್ಲೇ ಇಟ್ಟ ಹೋಗ. ಮಂದಿ ನಗಲಿ, ನನಗ ರೂಢಿ ಆಗೇತಿ. ಮರಿ ಯಾಕ ಬಿಸಲಾಗ ಬೀಳಬೇಕು?"

ರೂಢಿ ಆಗಿದೆ ಎಂದಳಲ್ಲ, ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಟೆಂಪೋದಲ್ಲಿ ಶಹಾಪುರಕ್ಕೆ ತಂದು ತೊಳೆದಾಗ ಅದರ ತಳವೇ ಕಳಚಿ ಬಿತ್ತು. ಇಷ್ಟು ವರ್ಷ ಕುರಿಮರಿಗಳ ಉಚ್ಚೆ ಕುಡಿದ ತಗಡು ಬಿಸ್ಕತ್ತಿನಂತೆ ಪುಡಿಯಾಯಿತು. ಸಂದುಗೊಂದುಗಳಲ್ಲಿ ಉಣ್ಣೆ, ಕಂಬಗಳ ಪೊಳ್ಳಿನಲ್ಲಿ ಹಿಕ್ಕೆ. ಎಷ್ಟು ಕೆರೆದರೂ ಇನ್ನಷ್ಟು. ಹೆಂಡತಿ ಮಂಗಲ ಮೂಗಿಗೆ ಸೆರಗು ಹಿಡಿದು, ಓಣಿಯವರು ನಾವು ಕುರಿ ಕಟ್ಟಿದ್ದೇವೆ ಅಂದುಕೊಂಡಿದ್ದಾರೆ ಎಂದಳು. ಅಂದುಕೊಳ್ಳಲಿ, ಕಟ್ಟಿದವರೇ ಅಲ್ಲವೆ ನಾವು?

ಒಡೆದು ಹಾಕಿದ ಮಗ್ಗದ ಶೆಡ್ಡೊಂದರ ಕಬ್ಬಿಣದ ಚಾನಲ್ ತಂದು ಚೌಕಟ್ಟು ಕಟ್ಟಿದೆವು. ಮಗ್ಗ ಕೂರಿಸುವಾಗ ಮೂಲೆಯಿಂದ ಮೂಲೆಗೆ ದಾರ ಹಿಡಿಯುವಂತೆ ಹಿಡಿದು ನೋಡಿದೆ, ಕೂದಲೆಳೆಯಷ್ಟೂ ಸೊಟ್ಟವಿಲ್ಲ. ಕೊಲ್ಹಾಪುರದ ಗುಜರಿಯಲ್ಲಿ ಮುಂಭಾಗ ಜಜ್ಜಿಹೋದ ಪಿಕಪ್ ಒಂದರ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಸಿಕ್ಕವು. ಪೂನಮ ಚಾವಣಿ ಕತ್ತರಿಸಿ ಒಂದು ಗೇಣು ತಗ್ಗಿಸಿ ಮತ್ತೆ ಬೆಸೆದಳು. ಬೆಸುಗೆ ಎಲ್ಲಿದೆಯೆಂದು ಹುಡುಕಲು ಬಂದವರು ಬೆರಳಾಡಿಸಿ ಹುಡುಕಿ ಸೋತು ಚಹಾ ಕುಡಿದು ಹೋದರು. ಗೇರ್ ಹಿಡಿಕೆಗೆ ನನ್ನ ಅಪ್ಪ ಓಡಿಸುತ್ತಿದ್ದ ಮಗ್ಗದ ಹಳೆಯ ಲಾಳಿಯನ್ನು ಕೂರಿಸಿದೆ. ಬಣ್ಣದ ವಿಚಾರಕ್ಕೆ ಚರ್ಚೆಯೇ ಆಗಲಿಲ್ಲ. ಬೀರದೇವರಿಗೆ ಎರಚುವ ಅರಿಶಿನದ ಪುಡಿ, ಆ ಭಂಡಾರದ ಹಳದಿ, ಅಷ್ಟೇ.

ಜಗಳವಾದದ್ದು ಎಡಬಾಗಿಲಿನ ಬಗ್ಗೆ. ಅತ್ತೆ ಬಡಿದೂ ಬಡಿದೂ ಅಲ್ಲಿ ತಟ್ಟೆಯಷ್ಟು ಅಗಲದ ತಗ್ಗು ಬಿದ್ದಿತ್ತು. ನಾನು ಸುತ್ತಿಗೆ ಎತ್ತಿದೆ. ಪೂನಮ ಅಡ್ಡ ನಿಂತಳು.

"ಅದು ಪಾರು ಆಯಿ ಕೈಗುರುತ ಐತಿ. ಮುಟ್ಟಬ್ಯಾಡ."

"ನೋಡಿದವರು ಏನ ಅಂತಾರ? ಕೃಷ್ಣಾತ ಜಾಬರ್‌ಗ ಒಂದು ತಗ್ಗ ತಗಿಯಾಕ ಬರೂದಿಲ್ಲ ಅಂತಾರ!"

"ಅನ್ನಲಿ."

ಮಗಳ ಮುಂದೆ ಸೋಲುವುದು ನನಗೆ ಹೊಸದಲ್ಲ. ತಗ್ಗು ಉಳಿಯಿತು, ಅದರ ಮೇಲೇ ಹಳದಿ ಬಣ್ಣ ಬಿತ್ತು.

ಇನ್ನು ಆಕ್ಸಲ್ಲಿನ ಕಥೆ. ಪಿಕಪ್ಪಿನ ಹಿಂದಿನ ಆಕ್ಸಲ್ಲಿಗೆ ಪಾಟಾ, ಅಂದರೆ ಪಟ್ಟಿಯ ಸ್ಪ್ರಿಂಗ್, ಕೂರುವ ಪೀಠಗಳು ಮೇಲಿದ್ದವು. ಹಾಗೇ ಕೂರಿಸಿದರೆ ಗಾಡಿ ಒಂಟೆಯಷ್ಟು ಎತ್ತರ. ಪೂನಮಳ ಚಿತ್ರದಲ್ಲಿ ಮೈ ನೆಲಕ್ಕೆ ತಾಗುವಂತಿತ್ತು. ಪೀಠ ಕತ್ತರಿಸಿ ಕೆಳಗೆ ಬೆಸೆಯಲು ಸಮಯವಿರಲಿಲ್ಲ, ಹಬ್ಬ ಹತ್ತಿರ ಬಂದಿತ್ತು. ಆಕ್ಸಲ್ಲನ್ನೇ ತಲೆಕೆಳಗು ಮಾಡಿ ಕೂರಿಸು ಎಂದೆ. ಅವಳು ಗಲ್ಲ ಕೆರೆದುಕೊಂಡಳು.

"ಅಪ್ಪಾ, ತಿರುಗೂದು ಉಲ್ಟಾ ಆಗೂದಿಲ್ಲೇನ?"

ನನಗೆ ಸಿಟ್ಟು ಬಂತು. "ಏ ಹುಡಿಗಿ, ದಿಕ್ಕಿನ ಚಿಂತಿ ಜಾಬರ್ ಮನ್ಯಾಗ ಮಾಡ್ತಾರೇನ? ಮೊದಲ ಕೂಡಸು. ಉಲ್ಟಾ ತಿರುಗಿದ್ರ ಆಮ್ಯಾಲ ನೋಡೂಣು!"

ನನ್ನನ್ನು ಬೈಯುವ ಮೊದಲು ಮಗ್ಗದವರ ಕಷ್ಟ ತಿಳಿದುಕೊಳ್ಳಿ. ಮಗ್ಗದ ಮೋಟಾರು ಉಲ್ಟಾ ತಿರುಗಿದರೆ ಎರಡು ವಾಯರ್ ಅದಲುಬದಲು ಮಾಡುತ್ತೇವೆ, ಸುಲ್ಟಾ ತಿರುಗುತ್ತದೆ, ಬೀಡಿ ಹಚ್ಚುವಷ್ಟು ಹೊತ್ತಿನ ಕೆಲಸ. ಜೀವಮಾನವಿಡೀ ಹಾಗೇ ಮಾಡಿದ ಕೈಗೆ ದಿಕ್ಕು ಎಂಬುದು ಕೊನೆಗೆ ನೋಡುವ ಸಂಗತಿ. ಡೀಸೆಲ್ ಎಂಜಿನ್ನಿಗೆ ಅದಲುಬದಲು ಮಾಡಲು ವಾಯರೇ ಇಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿ ಎಂಜಿನ್ ಹಚ್ಚಿದಾಗ ಶಹಾಪುರದ ಅರ್ಧ ಓಣಿ ಓಡಿ ಬಂತು. ಅದುರಿದ ಏಟಿಗೆ ಬಾಗಿಲ ಕಂಬದಿಂದ ಇನ್ನೊಂದು ಬೊಗಸೆ ಹಿಕ್ಕೆ ಸುರಿಯಿತು. ಗೇರ್ ಹಾಕಿದೆವು, ಗಾಲಿ ಗರಗರ ತಿರುಗಿತು. ಯಾವ ಕಡೆಗೆ ಎಂದು ನೋಡಿದವರಾರು? ಎಲ್ಲರೂ ಚಪ್ಪಾಳೆ ಹೊಡೆಯುವುದರಲ್ಲಿದ್ದೆವು. ಪೂನಮಳೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಗಾಡಿಗೆ ಆಗಿನ್ನೂ ರಸ್ತೆಯ ಪರವಾನಗಿ ಇರಲಿಲ್ಲ, ಹಾಗಾಗಿ ಕೈಯಿಂದ ತಳ್ಳಿ ಮತ್ತೆ ಟೆಂಪೋ ಏರಿಸಿ ಹಬ್ಬಕ್ಕೆ ಹಳ್ಳಿಗೆ ಒಯ್ದೆವು.

ಪಾಡ್ಯದ ಬೆಳಿಗ್ಗೆ ಗಾಡಿಯನ್ನು ದೊಡ್ಡಿಯ ಬಾಯಿಗೆ, ಮುಖ ಒಳಗೆ ಮಾಡಿ ಇಳಿಸಿದೆವು. ಪೂನಮ ಚಾಲಕಿಯ ಸೀಟಿನಲ್ಲಿ. ಅತ್ತೆ ಹೊಸ ಇಳಕಲ್ ಸೀರೆ ಉಟ್ಟು, ಹಣೆ ತುಂಬ ಭಂಡಾರ ಬಳಿದುಕೊಂಡು ಪಕ್ಕದಲ್ಲಿ. ಎಡಬಾಗಿಲಿನ ತಗ್ಗು ಅವಳ ಕೈಯಳತೆಗೇ ಇತ್ತು. ಅದನ್ನು ಕಂಡು ಅವಳು ನನ್ನ ಕಡೆ ನೋಡಿದಳು. ಊರಿಗೆ ಊರೇ ಹೊಲದಲ್ಲಿ ನೆರೆದಿತ್ತು. ಗಾಡಿ ದೊಡ್ಡಿಯೊಳಗೆ ಹೋಗಿ ಕುರಿಗಳಿಗೆ ಒಂದು ಸುತ್ತು ಹಾಕಬೇಕು, ಆಮೇಲೆ ಬಾಪೂಸಾಹೇಬ ಮರಿಗಳ ಮುಂದೆ ನಡೆಯಬೇಕು, ಹೀಗೆಂದು ಮಾತಾಗಿತ್ತು.

ಎಂಜಿನ್ ಗುಡುಗಿತು. ಜನ ಹೋ ಎಂದರು. ಪೂನಮ ಲಾಳಿ ಹಿಡಿದು ಮೊದಲ ಗೇರ್ ಹಾಕಿ ಕ್ಲಚ್ ಬಿಟ್ಟಳು.

ಗಾಡಿ ಹಿಂದಕ್ಕೆ ಹೋಯಿತು.

ನಿಲ್ಲಿಸಿ ಎರಡನೆಯದು ಹಾಕಿದಳು. ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು. ನಾನು ಬಗ್ಗಿ ಅಡಿ ನೋಡಿದೆ. ಆಕ್ಸಲ್ ತಲೆಕೆಳಗು, ಗಾಲಿ ಉಲ್ಟಾ. ಮುಂದಿನ ಗೇರೆಲ್ಲ ಹಿಂದಕ್ಕೆ. ಹುಡುಗಿ ಹೇಳಿದ್ದಳು, ನಾನು ಬಾಯಿ ಮುಚ್ಚಿಸಿದ್ದೆ.

"ಕಾಯ್ ರಾವ್, ಇದೇನೋ ಕೃಷ್ಣಾತ!" ಬಾಪೂಸಾಹೇಬ ಹೊಟ್ಟೆ ಹಿಡಿದುಕೊಂಡಿದ್ದ. "ನಿನ್ನ ಮಾಮಾನ ವಿಮಾನ ಹೊಳ್ಳಿ ಮುರಗೂಡಕ್ಕ ಹೊಂಟೈತಿ ನೋಡ್ರೋ!"

ಹೊಲವೆಲ್ಲ ನಕ್ಕಿತು. ನಾನು ಪಾನಾ ಎತ್ತಿದ್ದೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಅತ್ತೆ ಕಿಟಕಿಯಿಂದ ಕೈ ಚಾಚಿ ನನ್ನನ್ನು ತಡೆದಳು. ಅವಳು ನಗುವವರ ಕಡೆ ನೋಡುತ್ತಿರಲಿಲ್ಲ. ದೊಡ್ಡಿಯೊಳಗಿನ ಮರಿಗಳನ್ನು ನೋಡುತ್ತಿದ್ದಳು. ಗಾಡಿ ಹಿಂದೆ ಸರಿದಿತ್ತು, ಆದರೆ ಅದರ ಮುಖ, ಅವಳ ಮುಖ, ಎರಡೂ ಮರಿಗಳ ಕಡೆಗೇ ಇದ್ದವು.

"ಕೃಷ್ಣಾ, ಸುಮ್ಮನಿರ. ಹಿಂಗ ಹೋಗಬೇಕಲ್ಲೋ ನಾವು?" ಎಂದಳು. "ಮರಿ ಮುಂದ ಹಿರ್ಯಾರು ಹಿಂಗ ಅಲ್ಲೇನ ಹೋಗೂದು? ನನ್ನ ಕಾಲಿಗಿ ಆಗೂದಿಲ್ಲಂತ ಕುಂತಿದ್ದೆ. ಗೂಡಿಗಿ ಆಗತೈತಿ. ಪೂನಮ, ನಡಿ ನನ ಮಗಳ. ಸಾವಕಾಶ."

ಮತ್ತೆ ಆ ತಗ್ಗಿನ ಮೇಲೆ ಅಂಗೈಯಿಂದ ಬಡಿದಳು. ದಬದಬ, ದಬದಬ.

ಎಂಜಿನ್ನಿನ ಗದ್ದಲಕ್ಕೆ ಮೂಲೆಗೆ ಸೇರಿ ನಡುಗುತ್ತಿದ್ದ ಕುರಿಗಳು ತಲೆಯೆತ್ತಿದವು. ಒಂದು ಕುರಿ ಹೊರಬಂತು, ಅದರ ಹೊಟ್ಟೆಯಡಿ ಅದರ ಮರಿ. ಆಮೇಲೆ ದೊಡ್ಡಿಯೇ ಹರಿದು ಬಂತು. ತಾವು ಹುಟ್ಟಿ ಬೆಳೆದ ಗೂಡು ಹಳದಿ ಬಳಿದುಕೊಂಡು, ಹೊಗೆ ಉಗುಳುತ್ತ, ತಮ್ಮ ಕಡೆ ಮುಖ ಮಾಡಿ ಹಿಂದೆ ಹಿಂದೆ ಸರಿಯುತ್ತಿದೆ, ಅವು ಅದರ ಮುಂದೆಯೇ ಬರುತ್ತಿವೆ. ನಾನು ಗಾಡಿಯ ಹಿಂಬದಿಗೆ ಓಡಿ, ಎರಡೂ ಕೈ ಬೀಸುತ್ತ "ಬರಲಿ, ಬರಲಿ, ಬರಲಿ, ಎಡಕ್ಕ ಒಯ್ಯಿ, ಬರಲಿ!" ಎಂದು ಕೂಗುತ್ತ ದಾರಿ ತೋರಿಸಿದೆ. ಕಣ್ಣು ಮಂಜಾಗಿತ್ತು. ಆದರೂ ಮಗಳು ಗಾಡಿಯನ್ನು ದಾರ ಹಿಡಿದಂತೆ ನೆಟ್ಟಗೆ ಒಯ್ದಳು.

ನಗು ಯಾವಾಗ ನಿಂತಿತೋ ಗೊತ್ತಿಲ್ಲ. ಬೀರದೇವರ ಕಲ್ಲು ಮುಟ್ಟಿದಾಗ ಜನ ಭಂಡಾರ ಎರಚುತ್ತಿದ್ದರು. ಬಾಪೂಸಾಹೇಬ ಟೊಪ್ಪಿಗೆ ತೆಗೆದು ಗಾಳಿಗೆ ಎಸೆದು, ಕೊಲ್ಹಾಪುರದ ಕಡೆಯವರು ಮೆಚ್ಚಿಗೆ ಉಕ್ಕಿದಾಗ ಕೂಗುವಂತೆ "ನಾದ್ ಖುಳಾ! ನಾದ್ ಖುಳಾ!" ಎಂದು ಗಂಟಲು ಹರಿಯುವಂತೆ ಕೂಗಿದ. ಅತ್ತೆ ಗಾಡಿಯಿಂದ ಇಳಿಯಲಿಲ್ಲ. ಅಲ್ಲಿಂದಲೇ ಊರವರನ್ನೆಲ್ಲ ಒಮ್ಮೆ ನಿಧಾನವಾಗಿ ನೋಡಿ ಹೇಳಿದಳು:

"ನಮ್ಮವರು ಹೇಳಿದ್ರು. ನಡೀತು."

ಅಷ್ಟೇ ಹೇಳಿದ್ದು. ನನ್ನ ಎದೆ ಉಬ್ಬಿದ್ದು ಅಂಗಿಯ ಗುಂಡಿಗೆ ಗೊತ್ತು.

ಗಾಡಿಯನ್ನು ಟೆಂಪೋ ಏರಿಸುವಾಗ, ಮುಂದಿನ ವಾರವೇ ಆಕ್ಸಲ್ ನೆಟ್ಟಗೆ ಮಾಡುತ್ತೇನೆ ಅತ್ತೀ ಎಂದೆ. ಅವಳು ಬಾಗಿಲಿನ ತಗ್ಗು ಸವರುತ್ತ, "ಮಾಡ. ಊರಾಗ ಮುಂದಕ್ಕ ನಡೀಲಿ, ಬ್ಯಾಡಂದವರ್ಯಾರು? ಪಾಡ್ಯಾದ ದಿವಸ ಮಾತ್ರ ಹಿಂಗ ಇರಲಿ" ಎಂದಳು. ಪೂನಮ ಆಕ್ಸಲ್ಲಿಗೆ ಮೇಲೂ ಕೆಳಗೂ ಪೀಠ ಬೆಸೆದಳು. ಈಗ ವರ್ಷವಿಡೀ ಗಾಡಿ ಎಲ್ಲರ ಗಾಡಿಯಂತೆ ಮುಂದಕ್ಕೆ ಓಡುತ್ತದೆ. ದೀಪಾವಳಿ ಬಂತೆಂದರೆ ನಾವಿಬ್ಬರೂ ಅದರ ಅಡಿ ಮಲಗಿ ಬೋಲ್ಟು ಬಿಚ್ಚಿ ಆಕ್ಸಲ್ ತಿರುವುತ್ತೇವೆ, ಹಬ್ಬ ಮುಗಿದ ಮೇಲೆ ಮತ್ತೆ ತಿರುವುತ್ತೇವೆ.

ಮೊನ್ನೆ ಕೊಲ್ಹಾಪುರದ ಒಬ್ಬ ಮೆಕ್ಯಾನಿಕ್ ಅಡಿಯಲ್ಲಿ ಬಗ್ಗಿ ನೋಡಿ, ಈ ಬೋಲ್ಟುಗಳು ಯಾಕಿಷ್ಟು ಸವೆದಿವೆ, ಎರಡೆರಡು ಪೀಠ ಯಾಕೆ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಪೂನಮ ಹೇಳಿದಳು:

"ನಮ್ಮ ಗಾಡಿ ಮರಿಗೆ ಬೆನ್ನ ತೋರಸೂದಿಲ್ರಿ."