ನೇರಳೆ ಮುಚ್ಚಳ

"ಇವರ ರಕ್ತ ಹೆಪ್ಪುಗಟ್ಟೋದೇ ಇಲ್ವಂತೆ ಕಣ್ರೀ. ಡಾಕ್ಟರಮ್ಮನೇ ಹೇಳಿದ್ದು. ಇಷ್ಟು ವರ್ಷ ಸಂಸಾರ ಮಾಡಿದೀನಿ, ನಂಗೆ ಗೊತ್ತೇ ಇರಲಿಲ್ಲ ನೋಡಿ!"

ಹೊರಗೆ ಬೆಂಚಿನ ಮೇಲಿದ್ದ ಹೆಂಗಸು, ಪಕ್ಕದಲ್ಲಿ ಕೆನ್ನೆ ಹಿಡಿದುಕೊಂಡು ಕೂತವಳಿಗೆ ಹೇಳುತ್ತಿದ್ದ ಈ ಮಾತು ಅರ್ಧ ತೆರೆದ ಬಾಗಿಲಿನಿಂದ ಒಳಗೆ ಬಂದು, ಕೈ ತೊಳೆಯುತ್ತಿದ್ದ ಹಲ್ಲಿನ ಡಾಕ್ಟರಮ್ಮನ ಕಿವಿಗೆ ಬಿತ್ತು. ಆಕೆ ನಲ್ಲಿ ನಿಲ್ಲಿಸುವುದನ್ನೇ ಮರೆತಳು.

ಆ ಹೆಂಗಸಿನ ಗಂಡ ಶಾಲೆ ವ್ಯಾನಿನ ಡ್ರೈವರ್. ಓಣಿಗೆಲ್ಲ ಕೇಳುವ ಹಾಗೆ ಹಾರ್ನ್ ಹೊಡೆಯುತ್ತಾನೆಂದು ಮಕ್ಕಳು ಅವನಿಗೆ ಹಾರ್ನ್ ಮಾಮ ಎಂದೇ ಹೆಸರಿಟ್ಟಿದ್ದವು. ಹೋದ ತಿಂಗಳು ಅವನ ದವಡೆ ಹಲ್ಲು ಕಿತ್ತಾಗ, ಗುಂಡಿ ಬೇಗ ಮಾಯಲೆಂದು ಡಾಕ್ಟರಮ್ಮ ಅವನದೇ ರಕ್ತ ತೆಗೆದು ಯಂತ್ರದಲ್ಲಿ ಗಿರಗಿರ ತಿರುಗಿಸಿದ್ದಳು. ಹಾಗೆ ತಿರುಗಿಸಿದರೆ ಕೆಂಪೆಲ್ಲ ತಳ ಸೇರಿ, ಪ್ಲೇಟ್‌ಲೆಟ್ ತುಂಬಿದ ಹಳದಿ ಪ್ಲಾಸ್ಮಾ ಮೇಲೆ ಜೆಲ್ಲಿಯಂತೆ ಗಟ್ಟಿಯಾಗುತ್ತದೆ. ಅದನ್ನು ಗುಂಡಿಗೆ ತುಂಬಿ ಹೊಲಿಗೆ ಹಾಕಿದರೆ ಗಾಯಕ್ಕೊಂದು ಒತ್ತಾಸೆ. ಅದಕ್ಕೆ ಬೇಕಾದದ್ದು ಕೆಂಪು ಮುಚ್ಚಳದ ಬರಿಯ ಕೊಳವೆ. ಅವತ್ತಿನ ಅವಸರದಲ್ಲಿ ಆಕೆಯ ಕೈಗೆ ಬಂದದ್ದು ನೇರಳೆ ಮುಚ್ಚಳದ್ದು. ರಕ್ತಪರೀಕ್ಷೆಗೆ ಕಳಿಸಲು ಇಟ್ಟಿದ್ದು, ರಕ್ತ ಹೆಪ್ಪುಗಟ್ಟದಂತೆ ಒಳಗೆ ಮೊದಲೇ ಔಷಧಿ ಸವರಿದ್ದು. ಯಂತ್ರ ನಿಂತಾಗ ಮೇಲೆ ಬರೀ ಹಳದಿ ನೀರು.

"ನಿಮ್ಮ ರಕ್ತಾನೇ ಹಾಗಿದೆ, ಗಟ್ಟಿಯಾಗ್ತಿಲ್ಲ. ಇರಲಿ, ಹಾಗೇ ಹೊಲಿಗೆ ಹಾಕ್ತೀನಿ," ಅಂದುಬಿಟ್ಟಿದ್ದಳು. ಬಾಯಿ ತುಂಬ ಹತ್ತಿ ಇದ್ದವನು ಏನು ಹೇಳಿಯಾನು? ತಲೆಯಾಡಿಸಿ ಹೋಗಿದ್ದ. ಆಮೇಲೆ ಟ್ರೇ ಎತ್ತುವಾಗ ನೇರಳೆ ಮುಚ್ಚಳ ಆಕೆಯ ಕಣ್ಣಿಗೆ ಬಿದ್ದಿತ್ತು. ಫೋನ್ ಕೈಗೆತ್ತಿಕೊಂಡವಳು ಹಾಗೇ ಕೆಳಗಿಟ್ಟಿದ್ದಳು. ಗಾಯ ಹೇಗೂ ಮಾಯುತ್ತದೆ, ಕೆದಕುವುದು ಯಾಕೆ ಅಂತ.

ಗಾಯವೇನೋ ಮಾಯ್ದಿತ್ತು. ಈಗ ಕುರ್ಚಿಯಲ್ಲಿ ಒರಗಿದ ಹಾರ್ನ್ ಮಾಮನ ಬಾಯಿ ನೋಡಿ, "ಚೆನ್ನಾಗಿ ಕೂಡಿದೆ. ಏನು, ಇವತ್ತು ಹಾರ್ನೇ ಇಲ್ಲ?" ಎಂದಳು.

"ಬ್ಯಾಟರಿ ಡೌನು ಡಾಕ್ಟ್ರೇ. ಒಂದು ಕೇಳ್ಲಾ? ನನ್ನ ರಕ್ತ ತಗೊಂಡವರಿಗೆ ಏನಾದ್ರೂ ಆಗಿರುತ್ತಾ? ಆಸ್ಪತ್ರೆಯಿಂದ ಫೋನ್ ಬಂದಾಗೆಲ್ಲ ವ್ಯಾನ್ ತೊಳೆಯೋದು ಬಿಟ್ಟು ಓಡಿ ಹೋಗಿ ರಕ್ತ ಕೊಟ್ಟಿದೀನಿ."

"ಛೆ, ಯಾರಿಗೂ ಏನೂ ಆಗಿರಲ್ಲ."

"ಮೊನ್ನೆ ಪಕ್ಕದ ಮನೆ ಮೆಕ್ಯಾನಿಕ್ ಬಂದ. ಹೆಂಡತಿಗೆ ಆಪರೇಷನ್ನು, ನಂದೇ ಗ್ರೂಪು. ಕೆಟ್ಟ ರಕ್ತ ಹೇಗೆ ಕೊಡ್ಲಿ? ಹೇಳ್ಕೊಳ್ಳೋಕೂ ನಾಚಿಕೆ. ಬಾತ್‌ರೂಮಲ್ಲಿ ಚಿಲಕ ಹಾಕ್ಕೊಂಡು ಕೂತೆ. ಇವಳು, ಊರಲ್ಲಿಲ್ಲ ಅಂದ್ಲು. ನನ್ನ ಚಪ್ಪಲಿ ಬಾಗಿಲಲ್ಲೇ ಬಿದ್ದಿತ್ತು."

"ಆಮೇಲೆ?"

"ಬೇರೆ ಯಾರೋ ಕೊಟ್ರು, ಆಕೆ ಹುಷಾರಾದ್ಲು. ಅವನು ಮಾತ್ರ ನನ್ನ ಕಂಡ್ರೆ ಕೈಲಿರೋ ಸ್ಪ್ಯಾನರ್ ನೋಡ್ತಾನೆ, ಮುಖ ನೋಡಲ್ಲ. ಓಣೀಲಿ ಯಾರಿಗೂ ಹೇಳ್ಬೇಡ ಅಂದಿದೀನಿ ಇವಳಿಗೆ. ಅದಕ್ಕೇ ಗುರುತಿಲ್ಲದವರ ಹತ್ರ ಹೇಳ್ಕೊಂಡು ಹಗುರ ಆಗ್ತಾಳೆ."

ಡಾಕ್ಟರಮ್ಮ ಕೈಗವಸು ಬಿಚ್ಚಿದಳು. "ನಿಮ್ಮ ರಕ್ತಕ್ಕೇನೂ ಆಗಿಲ್ಲ. ಅವತ್ತು... ಕೊಳವೆ ಬದಲಾಗಿತ್ತು."

ಕೊಳವೆ ತಾನಾಗಿಯೇ ಎದ್ದು ಬದಲಾದ ಹಾಗೆ!

"ಸಮಾಧಾನಕ್ಕೆ ಹೇಳ್ತೀರಿ ಬಿಡಿ," ಅವನು ಸಣ್ಣಗೆ ನಕ್ಕ. "ನಮ್ಮಮ್ಮನೂ ಹೀಗೇ, ಇಂಜೆಕ್ಷನ್ ನೋಯಲ್ವೋ ಅಂತಿದ್ಲು."

ಡಾಕ್ಟರಮ್ಮ ಸಿಸ್ಟರನ್ನು ಕರೆದಳು. "ಇವರ ರಕ್ತ ಕೆಂಪು ಮುಚ್ಚಳದ್ದಕ್ಕೆ ತೆಗೀರಿ. ನನ್ನದು ನೇರಳೆಗೆ."

"ನಿಮ್ಮದ್ಯಾಕೆ ಮೇಡಮ್?"

"ತೂಕಕ್ಕೆ ಎದುರುಬದುರು ಎರಡು ಕೊಳವೆ ಇದ್ರೇ ತಾನೇ ಯಂತ್ರ ಕುಣಿಯದೆ ತಿರುಗೋದು? ತೆಗೀರಿ."

ಯಂತ್ರ ತಿರುಗುವಷ್ಟು ಹೊತ್ತೂ ಇಬ್ಬರೂ ಮೊಣಕೈಗೆ ಹತ್ತಿ ಒತ್ತಿಕೊಂಡು ಕೂತರು. ಅದು ನಿಂತ ಮೇಲೆ ಆಕೆ ಎರಡೂ ಕೊಳವೆಗಳನ್ನು ಬೆಳಕಿಗೆ ಹಿಡಿದಳು. ಅವನದರಲ್ಲಿ ಹಳದಿ ಜೆಲ್ಲಿ ಗಟ್ಟಿಯಾಗಿ ಕೂತಿತ್ತು. ಆಕೆಯದರಲ್ಲಿ ನೀರು ತುಳುಕುತ್ತಿತ್ತು.

"ಅಯ್ಯೋ, ನಿಮಗೂ ಇದೇ ಕಾಯಿಲೇನಾ ಡಾಕ್ಟ್ರೇ?" ಎಂದ. ನಿಜವಾದ ಕಳವಳದಿಂದಲೇ ಕೇಳಿದ್ದ. ಬೈದಿದ್ದರೂ ಆಕೆಗೆ ಅಷ್ಟು ಚುಚ್ಚುತ್ತಿರಲಿಲ್ಲ.

"ಕಾಯಿಲೆ ಅಲ್ಲ. ನೇರಳೆ ಮುಚ್ಚಳದ್ದಕ್ಕೆ ಯಾರ ರಕ್ತ ಹಾಕಿದ್ರೂ ಗಟ್ಟಿಯಾಗಲ್ಲ. ಅವತ್ತು ನಿಮ್ಮದನ್ನ ಇದಕ್ಕೆ ಹಾಕಿದ್ದು ನಾನು."

"ಈಗ ಗೊತ್ತಾಯ್ತಾ ನಿಮ್ಗೆ?"

ಪಾಪ, ಅವನೇ ದಾರಿ ಬಿಟ್ಟುಕೊಟ್ಟಿದ್ದ. ಹೂಂ ಅಂದರೆ ಮುಗಿಯುತ್ತಿತ್ತು.

"ಇಲ್ಲ. ಅವತ್ತೇ ಗೊತ್ತಾಯ್ತು. ನೀವು ಹೋದ ತಕ್ಷಣ."

ಹಾರ್ನ್ ಮಾಮ ಮಡಿಸಿದ್ದ ಅಂಗಿ ತೋಳನ್ನು ಇಳಿಸಿ, ಅದರ ಗುಂಡಿ ಹಾಕಿಕೊಂಡ. "ನಾನು ಬಾತ್‌ರೂಮಲ್ಲಿ ಕೂತಿದ್ದೆ ಡಾಕ್ಟ್ರೇ," ಎಂದ ಮೆಲ್ಲಗೆ.

"ತಪ್ಪಾಯ್ತು."

"ನಂಗೆ ಹೇಳಿದ್ರೆ ಸಾಲದು. ಅವಳಿಗೆ ಹೇಳಿ. ಹೊರಗೆ, ಅವಳ ಮಾತು ಕೇಳಿದವರ ಮುಂದೇನೇ."

ಡಾಕ್ಟರಮ್ಮ ಹೊರಗೆ ಬಂದಳು. ಬೆಂಚಿನಲ್ಲಿದ್ದವರೆಲ್ಲ ತಲೆಯೆತ್ತಿದರು.

"ನಿಮ್ಮ ಯಜಮಾನ್ರ ರಕ್ತ ಚೆನ್ನಾಗೇ ಇದೆ ಅಮ್ಮ. ಔಷಧಿ ಇರೋ ಕೊಳವೆಗೆ ಹಾಕಿ, ಅವರ ರಕ್ತಾನೇ ಸರಿ ಇಲ್ಲ ಅಂದಿದ್ದು ನಾನು. ಗೊತ್ತಾದ ಮೇಲೂ ಬಾಯಿ ಮುಚ್ಕೊಂಡಿದ್ದೆ."

ಕೆನ್ನೆ ಹಿಡಿದಿದ್ದವಳ ಕೈ ಕೆಳಗಿಳಿಯಿತು. ಹೆಂಡತಿ ಗಂಡನ ಮುಖ ನೋಡಿದಳು, ಡಾಕ್ಟರಮ್ಮನ ಮುಖ ನೋಡಿದಳು. "ಅಲ್ಲಮ್ಮಾ, ಒಂದು ಫೋನ್ ಮಾಡೋಕೆ ಆಗ್ಲಿಲ್ವಾ ನಿಮ್ಗೆ?"

"ಆ ಮೆಕ್ಯಾನಿಕ್ ಹತ್ರ ನಾನೇ ಬಂದು ಹೇಳ್ತೀನಿ," ಎಂದಳು ಡಾಕ್ಟರಮ್ಮ.

"ಬೇಡ. ಚಿಲಕ ಹಾಕ್ಕೊಂಡವನು ನಾನು, ನಾನೇ ಹೇಳ್ತೀನಿ. ಆ ಕೊಳವೆ ಮಾತ್ರ ಕೊಡಿ."

"ಹಾಗೆಲ್ಲ ಹೊರಗೆ ಕೊಡೋ ಹಾಗಿಲ್ಲ," ಎಂದಳು ಸಿಸ್ಟರ್.

"ನನ್ನ ರಕ್ತ ತಾನೇ?"

ಡಾಕ್ಟರಮ್ಮ ಮುಚ್ಚಳ ಬಿಗಿಯಾಗಿದೆಯಾ ಎಂದು ನೋಡಿ, ಒಂದು ಚೀಲಕ್ಕೆ ಹಾಕಿ ಕೊಟ್ಟಳು. ಗಂಡ ಹೆಂಡತಿ ಹೊರಟರು. ಮೆಟ್ಟಿಲ ಹತ್ತಿರ ಹಾರ್ನ್ ಮಾಮ ನಿಂತು, ಕೊಳವೆಯನ್ನು ಹೆಂಡತಿಯ ಕಣ್ಣಿನ ನೇರಕ್ಕೆ ಹಿಡಿದು ತಲೆಕೆಳಗು ಮಾಡಿದ. ಹಳದಿ ಜೆಲ್ಲಿ ಅಲ್ಲಾಡಲಿಲ್ಲ.