ಗೆರೆಯಾದ ಉಂಗುರ

ಮತ್ತೆ ಕುದಿಯಿತು, ಈಗತಾನೇ ನೆಟ್ಟಗೆ ನಿಂತಂತೆ ಕಂಡಿದ್ದ ಶನಿಗ್ರಹ ಲ್ಯಾಪ್‌ಟಾಪಿನ ಪರದೆಯ ಮೇಲೆ ಮತ್ತೆ ಕೊತಕೊತ ಕುದಿಯತೊಡಗಿತು, ಒಂದು ಕ್ಷಣ ಮೊಟ್ಟೆ, ಒಂದು ಕ್ಷಣ ಆಲೂಗಡ್ಡೆ — ಈ ಚೆಂದಕ್ಕೇನಾ ಅವಳು ಕನ್ನಡಕದಂಗಡಿಯ ಬಾಗಿಲನ್ನು ಒಂದು ಗಂಟೆ ಮೊದಲೇ ಎಳೆದು ಬಂದದ್ದು, ಬಿಸಿಲಿರುವಾಗಲೇ ದೂರದರ್ಶಕವನ್ನು ಹಿತ್ತಲಿಗೆ ಹೊತ್ತು ತಂದು ಅದರ ಕೊಳವೆ ತಣ್ಣಗಾಗಲಿ ಎಂದು ಕಾದು ಕೂತದ್ದು, ಕೊಳವೆಯೇನೋ ತಣ್ಣಗಾಯಿತು, ಹಿತ್ತಲಾಚೆಯ ಗೋದಾಮಿನ ತಗಡಿನ ಮಾಡು ಆಗಬೇಕಲ್ಲ, ಹಗಲೆಲ್ಲ ನುಂಗಿದ ಬಿಸಿಲನ್ನು ಈಗ ಬಿಸಿಗಾಳಿಯಾಗಿ ಉಗುಳುತ್ತಿದೆ, ಸರಿಯಾಗಿ ಶನಿ ಇಳಿಯುವ ದಿಕ್ಕಿನಲ್ಲೇ, ಯಾರ ಮೇಲೆ ಹರಿಹಾಯುವುದು, ತಗಡಿನ ಮೇಲೆಯೇ — ಅಷ್ಟರಲ್ಲಿ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, ನಿನ್ನೆ ಮಳೆ ಬಿದ್ದು ಆಕಾಶ ತೊಳೆದಿಟ್ಟ ಹಾಗಿದೆ ಕಣ್ರೀ, ನಕ್ಷತ್ರ ಎಷ್ಟು ಚೆನ್ನಾಗಿ ಮಿನುಗ್ತಾ ಇವೆ, ಇವತ್ತು ನಿಮ್ಮ ಫೋಟೋ ಸೂಪರ್ ಅಂದಳು, ಮಿನುಗುವುದೇ ರೋಗ ಮಹರಾಯಿತಿ, ಮಿನುಗುವುದೆಂದರೆ ಮೇಲೆ ಗಾಳಿ ಗುದ್ದಾಡುತ್ತಿದೆ ಎಂದರ್ಥ, ಗ್ರಹದ ಚಿತ್ರಕ್ಕೆ ಬೇಕಾದದ್ದು ಎಲೆಯೂ ಅಲುಗದ ಮಂಕು ಸಂಜೆ, ತೆಳುವಾಗಿ ಮಂಜು ಹೊದ್ದು ಗಾಳಿ ಸುಸ್ತಾಗಿ ಮಲಗಿದ ಸಂಜೆ, ನೀವೆಲ್ಲ ಛೇ ಏನೂ ಕಾಣಲ್ಲ ಅನ್ನುತ್ತೀರಲ್ಲ ಆ ಸಂಜೆ — ಯಾರಿಗೆ ಹೇಳುವುದು, ಇವಳು ಹ್ಞೂಂ ಅಂದು ಹಲ್ಲು ಬಿಟ್ಟಳು. ಈಗ ನೋಡಿದರೆ ದೂರದರ್ಶಕದ ಮುಂದಿನ ಗಾಜಿನ ಮೇಲೆ ಇಬ್ಬನಿ, ಮಳೆಯ ತೇವವೆಲ್ಲ ಅಲ್ಲಿಗೇ ಬಂದು ಕೂತಿದೆ, ಕೂದಲು ಒಣಗಿಸುವ ಯಂತ್ರ ಹಿಡಿದರೆ ಇಬ್ಬನಿ ಹೋಗಿ ಗಾಜು ಬಿಸಿಯಾಗಿ ಶನಿ ಇನ್ನಷ್ಟು ಕುದಿಯುತ್ತದೆ, ಹಿಡಿಯದಿದ್ದರೆ ಶನಿಯೇ ಇರುವುದಿಲ್ಲ. ಹಿಡಿದಳು. ಹಿಡಿದು ಬೈದಳು.

ಹಜಾರದ ಗೋಡೆಯಲ್ಲಿ ಏಳು ಚಿತ್ರಗಳಿವೆ, ವರ್ಷಕ್ಕೊಂದು, ಗಂಡ ಹೆಂಡತಿ ಸೇರಿ ತೆಗೆದದ್ದು, ಜನ ಶನಿ ತೊಲಗಲಿ ಅಂತಿದ್ದರೆ ನೀವು ಕರೆದು ಫೋಟೋ ಹಾಕಿಸ್ತೀರಲ್ಲ ಎಂದು ನಾದಿನಿ ಪ್ರತಿಸಲ ನಗುತ್ತಾಳೆ — ಮೊದಲನೆಯದರಲ್ಲಿ ಉಂಗುರ ಅಗಲವಾಗಿ ತೆರೆದಿದೆ, ಆಮೇಲೆ ವರ್ಷವರ್ಷವೂ ವಾಲಿ, ಕಿರಿದಾಗಿ, ಈ ವರ್ಷ ಅಂಚನ್ನಷ್ಟೇ ನಮ್ಮ ಕಡೆ ತಿರುಗಿಸಿ ಬರೀ ಗೆರೆಯಾಗಿದೆ, ಆ ಗೆರೆಗೆಂದೇ ಎಂಟನೆಯ ಚೌಕಟ್ಟು ಖಾಲಿ, ನಾಳೆಯಿಂದ ಮೋಡವಂತೆ, ಮೋಡ ಕಳೆಯುವಷ್ಟರಲ್ಲಿ ಶನಿ ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಗುತ್ತದೆ, ಮತ್ತೆ ಉಂಗುರ ಹೀಗೆ ಗೆರೆಯಾಗಬೇಕಾದರೆ ಹದಿನೈದು ವರ್ಷ, ಆಗ ಅವಳಿಗೆ ಎಪ್ಪತ್ತೆರಡು, ಅವನಿಗೆ — ಇರಲಿ. ಏಳು ಚಿತ್ರಕ್ಕೂ ಫೋಕಸ್ ಹಿಡಿದವನು ಅವನೇ, ಉಸಿರು ಬಿಗಿಹಿಡಿದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಹಾಂ, ನಿಂತಿತು ಎನ್ನುತ್ತಿದ್ದ, ಅಂಗಡಿಯಲ್ಲೂ ಹಾಗೆ, ಕಣ್ಣು ಪರೀಕ್ಷೆ ಅವಳದು, ಫ್ರೇಮಿನ ಎಳ್ಳುಕಾಳಿನಷ್ಟು ಸ್ಕ್ರೂ ಕೂರಿಸುವುದು ಅವನದು, ಈಗ್ಗೆ ಮೂರು ತಿಂಗಳಿಂದ ಸ್ಕ್ರೂಗಳು ಬೀಳುತ್ತವೆ, ಈಗಿನ ಸ್ಕ್ರೂಗಳೇ ಸರಿಯಿಲ್ಲ ಕಣೇ, ಕಂಪನಿಯವರಿಗೆ ಹೇಳು ಎನ್ನುತ್ತಾನೆ, ಅವಳು ನೆಲದ ಮೇಲೆ ತಡಕಿ ಎತ್ತಿ ಹೇಳ್ತೀನಿ ಎನ್ನುತ್ತಾಳೆ, ಯಾರಿಗೂ ಹೇಳುವುದಿಲ್ಲ, ದಣಿವು, ವಯಸ್ಸು, ಕಾಫಿ ಜಾಸ್ತಿ ಆಯ್ತು, ಏನೋ ಒಂದು. ಈ ಸಂಜೆಯೂ ಬಂದು ಕೇಳಿದ, ಫೋಕಸ್ ನಾನು ನೋಡ್ಲಾ. ಬೇಡ, ಮುಟ್ಟಬೇಡಿ, ಈಗಷ್ಟೇ ಕೂರಿಸಿದೀನಿ — ಅಷ್ಟು ಒರಟಾಗಿ ಹೇಳಬೇಕಾಗಿರಲಿಲ್ಲ, ಗಾಳಿಯ ಸಿಟ್ಟು ಅವನ ಮೇಲೆ ಹೋಯಿತು, ಅವನು ಮೆಟ್ಟಿಲ ಮೇಲೆ ಹೋಗಿ ಕೂತ, ಆಮೇಲೆ ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತ.

ಗೋದಾಮಿನ ಮಾಡಿಗೂ ಶನಿಗೂ ಇನ್ನು ಬೆರಳಗಲ, ಹತ್ತು ನಿಮಿಷ ಸಿಕ್ಕರೆ ಹೆಚ್ಚು, ನಿಲ್ಲು, ಒಂದು ಸಲ ನಿಲ್ಲು, ಏಳು ವರ್ಷ ನಿನ್ನ ಬೆನ್ನು ಹತ್ತಿದ್ದೀವಿ — ನಿಂತಿತು. ನಿಜವಾಗಿ ನಿಂತಿತು, ಕುದಿತ ಇಳಿಯಿತು, ಶನಿಯ ಅಂಚು ಚಾಕುವಿನಲ್ಲಿ ಕೊರೆದ ಹಾಗೆ, ನಡುವೆ ಗೆರೆ, ಕೂದಲೆಳೆಯ ಗೆರೆ, ಅಯ್ಯೋ ಎಷ್ಟು ತೆಳು, ಗಾಳಿ ಸೋತಿತು, ಆದರೂ ಯಾಕೆ ಅಲುಗುತ್ತಿದೆ, ಅಂಚು ಕೊಂಕದೆ ಇಡೀ ಗ್ರಹವೇ ಅತ್ತಿತ್ತ, ಗಾಳಿಯಾದರೆ ಮೊದಲು ಅಂಚನ್ನು ಕಚ್ಚುತ್ತದೆ, ಇದು ಗಾಳಿಯಲ್ಲ, ರಸ್ತೆಯಲ್ಲಿ ಲಾರಿಯೇ, ಲಾರಿಯಿಲ್ಲ, ತಿರುಪು ಸಡಿಲವೇ, ಬಿಗಿಯಾಗಿದೆ, ಎಣಿಸಿದರೆ ಎಣಿಕೆಗೆ ಸಿಗುವಂತೆ, ಒಂದೇ ಸಮನೆ, ಅತ್ತ ಇತ್ತ, ಅತ್ತ ಇತ್ತ, ಯಾವ ಗ್ರಹಚಾರವಪ್ಪಾ ಇದು ಎಂದು ಸಿಡುಕಿ ಬಗ್ಗಿದಳು, ಪರದೆಯ ಬೆಳಕು ದೂರದರ್ಶಕದ ಮುಕ್ಕಾಲಿಯ ಮೇಲೆ ಬಿದ್ದಿದೆ, ಮುಕ್ಕಾಲಿಯ ಕಾಲಿನ ಮೇಲೆ ಅವನ ಕೈ, ನಿಲ್ಲಲು ಆಸರೆಗೆ ಹಿಡಿದ ಬಲಗೈ, ಅದೂ ಅದೇ ಎಣಿಕೆಗೆ ಅತ್ತ ಇತ್ತ, ಅವನಿಗೆ ಗೊತ್ತೂ ಇಲ್ಲ, ಪರದೆಯನ್ನೇ ನೋಡುತ್ತಾ ನಿಂತಿದ್ದಾನೆ, ಮುಖ ಪರೀಕ್ಷೆಗೆ ಕೂತವನಂತಿದೆ — ಕೈ ತೆಗೀರಿ, ಎರಡೇ ಮಾತು, ಎರಡು ಮಾತು ಆಡಿದರೆ ಎಂಟನೆಯ ಚಿತ್ರ, ಆಡಿದ ಮರುಕ್ಷಣ ಪರದೆ ನಿಲ್ಲುತ್ತದೆ, ನಿಂತದ್ದನ್ನು ಅವನೂ ನೋಡುತ್ತಾನೆ, ಆಮೇಲೆ ಸ್ಕ್ರೂಗಳ ಮೇಲೆ ಹಾಕಲು ಏನೂ ಉಳಿಯುವುದಿಲ್ಲ, ಮೂರು ತಿಂಗಳೂ ಒಟ್ಟಿಗೇ ಗೊತ್ತಾಗುತ್ತದೆ, ಇವತ್ತಲ್ಲದಿದ್ದರೆ ನಾಳೆ ಗೊತ್ತಾಗಲೇಬೇಕು, ಡಾಕ್ಟರ ಹತ್ತಿರ ಹೋಗಲೇಬೇಕು, ನಾಳೆ ಅವಳೇ ಕರೆದೊಯ್ಯುತ್ತಾಳೆ, ನಾಳೆ ಹೇಳುತ್ತಾಳೆ, ಆದರೆ ಹೀಗಲ್ಲ, ಇಷ್ಟು ದೊಡ್ಡದು ಮಾಡಿ ಪರದೆಯ ಮೇಲೆ ತೋರಿಸಿ ಅಲ್ಲ, ಶನಿ ಮಾಡಿಗೆ ತಾಗುವಂತಾಯಿತು, ಗಾಳಿ ಇನ್ನೂ ನಿಂತಿಲ್ವೇನೇ ಎಂದ ಅವನು, ಮೆಲ್ಲಗೆ, ಇಲ್ಲಾ ರೀ, ಇವತ್ತು ಗಾಳಿನೇ ಸರಿಯಿಲ್ಲ ಎಂದಳು, ಗುಂಡಿ ಒತ್ತಿದಳು, ಚಿತ್ರ ದಾಖಲಾಗತೊಡಗಿತು, ಎಲೆ ಅಲುಗುತ್ತಿಲ್ಲ, ಗೆರೆ, ತೆಳ್ಳನೆಯ ಗೆರೆ, ಅತ್ತ ಇತ್ತ, ಅತ್ತ ಇತ್ತ, ಅತ್ತ